ನೆಟ್ಟಣದಲ್ಲಿಲ್ಲದ ನಾಯಿ

ಕಳೆದ ತಿಂಗಳು ಪಕ್ಕದ ಮನೆಯವರ ಬೆಕ್ಕಿಗೆ ಇಂಜೆಕ್ಷನ್ ಹಾಕಿಸಲು ಪುತ್ತೂರಿನಲ್ಲಿ ಒಬ್ಬ ಪಶುವೈದ್ಯರ ಬಳಿಗೆ ಹೋಗಿದ್ದೆ. ಹೊರಗೆ ಮಳೆ ಹನಿಯುತ್ತಿತ್ತು. ಜಗಲಿಯ ಕಂಬಕ್ಕೆ ಯಾರೋ ಒಂದು ನಾಯಿಯನ್ನು ಕಟ್ಟಿ ಒಳಗೆ ಹೋಗಿದ್ದರು. ಒದ್ದೆ ನಾಯಿಯ ಮೈಯ ವಾಸನೆ, ನೆಲ ಒರಸಿದ ಫಿನಾಯಿಲು, ಒಳಗಿನಿಂದ ಬರುವ ಸ್ಪಿರಿಟ್ಟು, ಈ ಮೂರೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನನಗೆ ಮೆಟ್ಟಿಲು ಹತ್ತಲು ಆಗಲಿಲ್ಲ. ಬೆಕ್ಕಿನ ಬುಟ್ಟಿ ಹಿಡಿದುಕೊಂಡು ಸ್ವಲ್ಪ ಹೊತ್ತು ಮಳೆಯಲ್ಲೇ ನಿಂತೆ. ನೆಲ್ಯಾಡಿಯಲ್ಲಿ ನಾನು ಕಳೆದ ಆ ಒಂದು ಮಳೆಗಾಲ ಪೂರ್ತಿ ಇದೇ ವಾಸನೆಯಿತ್ತು.

ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸಕ್ಕಾಗಿ ಕಾಯುತ್ತಿದ್ದ ವರ್ಷ ಅದು. ಕಡಬದ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಕರೆದವರು ಸಾರಮ್ಮ ಟೀಚರ್. ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಕಲಿಸಿದವರು. ಅವರ ಅಪ್ಪ ಕೇರಳದಿಂದ ಬಂದು ನೆಲ್ಯಾಡಿಯ ಒಳಗೆ ಕಾಡು ಕಡಿದು ರಬ್ಬರ್ ಹಾಕಿದವರಂತೆ. ಟೀಚರ್ ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ, ಹೆದ್ದಾರಿಯಲ್ಲಿ ಲಾರಿ ಬಡಿದು ಬಿದ್ದ ನಾಯಿಗಳನ್ನು ಮನೆಗೆ ತಂದು ಸಾಕಲು ಶುರು ಮಾಡಿದರು. ಮೂರು ನಾಯಿ ಹತ್ತಾಯಿತು, ಹತ್ತು ನಲವತ್ತಾಯಿತು. ರಬ್ಬರ್ ತೋಟದ ಒಂದು ಅಂಚಿನಲ್ಲಿ ಶೀಟು ಹಾಕಿ, ಕಬ್ಬಿಣದ ಬಲೆ ಹೊಡೆದು ಉದ್ದಕ್ಕೆ ಗೂಡುಗಳನ್ನು ಕಟ್ಟಿಸಿದರು. ಪುತ್ತೂರು, ಸುಳ್ಯದಿಂದಲೂ ಜನ ತಮಗೆ ಸಾಕಲಾಗದ ನಾಯಿಗಳನ್ನು ತಂದು ಬಿಡತೊಡಗಿದರು. ಗೇಟಿನ ಮೇಲೆ ನೀಲಿ ಬಣ್ಣದ ಒಂದು ಬೋರ್ಡಿತ್ತು: ‘ಇಲ್ಲಿ ಯಾವ ಜೀವವನ್ನೂ ಕೊಲ್ಲುವುದಿಲ್ಲ.’ ಆ ಮಾತನ್ನು ನಂಬಿಯೇ ಜನ ಅಕ್ಕಿ, ಹಳೆ ಬೆಡ್‌ಶೀಟು, ಔಷಧಿ ಕಳಿಸುತ್ತಿದ್ದರು.

ನನ್ನ ಕೆಲಸ ಬರೆಯುವುದು, ಮತ್ತು ಫೋನ್ ತೆಗೆಯುವುದು. ಒಂದು ದಪ್ಪ ಪುಸ್ತಕದಲ್ಲಿ ನಾಯಿ ಎಲ್ಲಿಂದ ಬಂತು, ಯಾರು ತಂದರು, ಅವರ ನಂಬರ್ ಯಾವುದು ಎಂದೆಲ್ಲ ಬರೆಯಬೇಕು. ಕೊನೆಯಲ್ಲಿ ಒಂದು ಕಾಲಂ, ‘ಈಗ ಎಲ್ಲಿ’ ಎಂದು.

ಸೇರಿದ ಎರಡನೇ ವಾರ ಸೊಂಟ ಮುರಿದ ಒಂದು ನಾಯಿ ಬಂತು. ಅದರ ಕೂಗನ್ನು ಕೇಳಿ ತಡೆಯಲಾಗುತ್ತಿರಲಿಲ್ಲ. ಪ್ರತಿ ಮಂಗಳವಾರ ಬರುತ್ತಿದ್ದ ರೈ ಡಾಕ್ಟ್ರು ಅದನ್ನು ಮುಟ್ಟಿ ನೋಡಿ ತಲೆಯಾಡಿಸಿದರು. ಅವರು ಇಲಾಖೆಯಿಂದ ನಿವೃತ್ತರಾದವರು, ಮಿತಭಾಷಿ. ಮೊದಲು ಮಲಗಿಸುವ ಒಂದು ಇಂಜೆಕ್ಷನ್ ಕೊಟ್ಟು, ನಾಯಿ ಪೂರ್ತಿ ಮಲಗಿತೆಂದು ಗೊತ್ತಾದ ಮೇಲೆ ಎರಡನೆಯದನ್ನು ಕೊಟ್ಟರು. ತಲೆ ಹಿಡಿದುಕೊಂಡಿದ್ದವಳು ನಾನು. ಉಸಿರು ನಿಂತದ್ದು ನನ್ನ ಅಂಗೈಗೆ ಗೊತ್ತಾಯಿತು. ನಾಯಿಗಳನ್ನು ನೋಡಿಕೊಳ್ಳುತ್ತಿದ್ದ ಐತಪ್ಪಣ್ಣ ಅದನ್ನು ಗೋಣಿಯಲ್ಲಿ ಸುತ್ತಿ ತೋಟದ ಕೆಳಗೆ ಹೂಳಲು ಹೊತ್ತುಕೊಂಡು ಹೋದರು.

ನಾನು ಕೈ ತೊಳೆದು ಬಂದು ಪುಸ್ತಕ ತೆರೆದೆ. “ಟೀಚರ್, ಇಲ್ಲಿ ಎಂತ ಬರೀಲಿ?”

ಟೀಚರ್ ನನ್ನನ್ನು ತಮ್ಮ ಮಲಯಾಳದಲ್ಲಿ ಮೋಳೆ, ಮಗಳೇ, ಎಂದೇ ಕರೆಯುತ್ತಿದ್ದರು. ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು: “ಮನೆಗೆ ಹೋಯ್ತು ಅಂತ ಬರಿ ಮೋಳೆ. ಸುಳ್ಳಲ್ಲ ಅದು. ಅದರ ಮನೆಗೆ ಹೋಯ್ತಲ್ಲ.”

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹಾಗೆ ಹೇಳಿದವರು ಆ ನಾಯಿಯ ಹೇಲು ಉಚ್ಚೆ ಬಳಿದ ಕೈಯವರು. ನಾನು ‘ಮನೆಗೆ ಹೋಗಿದೆ’ ಎಂದು ಬರೆದೆ. ಆಮೇಲೆ ಎಷ್ಟು ಸಲ ಹಾಗೆ ಬರೆದೆನೋ.

ವಾರಿಜಕ್ಕ ಬಂದದ್ದು ಜೂನ್ ತಿಂಗಳ ದೊಡ್ಡ ಮಳೆಯಲ್ಲಿ. ಕೆದಂಬಾಡಿಯ ಕಡೆಯವರು, ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಗಂಡ ತೀರಿಹೋಗಿ ಕೆಲವು ವರ್ಷವಾಗಿತ್ತು, ಪಿಯುಸಿ ಓದುವ ಮಗಳಿದ್ದಳು. ಮನೆಯ ಹಿಂದಿನ ಗುಡ್ಡ ಜರಿದು ಅಡುಗೆಕೋಣೆಯ ಗೋಡೆಯೊಳಗೆ ಮಣ್ಣು ನುಗ್ಗಿತ್ತು. ಪಂಚಾಯತಿನವರು ಮನೆ ಬಿಡಲು ಹೇಳಿದ್ದರು. ಶಾಲೆಯ ಹತ್ತಿರ ಒಂದು ಬಾಡಿಗೆ ಕೋಣೆ ಸಿಕ್ಕಿತು. ಅಲ್ಲಿಗೆ ನಾಯಿ ಆಗದು ಎಂದು ಮಾಲೀಕರು ಮೊದಲೇ ಹೇಳಿಬಿಟ್ಟಿದ್ದರು.

ಯಾರದೋ ಪಿಕಪ್ಪಿನ ಹಿಂದೆ, ಟಾರ್ಪಾಲಿನಡಿ ನಾಯಿಯನ್ನು ತಬ್ಬಿಕೊಂಡು ಕೂತು ಬಂದಿದ್ದರು. ಬಿಳಿ ನಾಯಿ, ಒಂದು ಕಿವಿ ಮಾತ್ರ ಕಂದು. ಹೆಸರು ಬೊಳ್ಳು.

“ಮನೆ ರಿಪೇರಿ ಆದ ಕೂಡ್ಲೆ ಬಂದು ಕರ್ಕೊಂಡು ಹೋಗ್ತೇನೆ ಮೇಡಂ. ದೀಪಾವಳಿ ಒಳಗೆ ಆಗ್ತದೆ ಹೇಳಿದ್ದಾರೆ,” ಎಂದರು. ತಮ್ಮ ಫೋನ್ ನಂಬರ್ ಕೊಟ್ಟು, ನಾನು ಬರೆದದ್ದನ್ನು ಓದಿಸಿ ಕೇಳಿಸಿಕೊಂಡು, ಅಷ್ಟು ಸಾಲದೆಂದು ಶಾಲೆಯ ಹೆಡ್‌ಮಿಸ್ ಅವರ ನಂಬರನ್ನೂ ಬರೆಸಿದರು. “ನನ್ನದು ಸಿಗದಿದ್ರೆ ಇವರಿಗೆ ಮಾಡಿ. ಪಾಠ ನಡೀತಾ ಇದ್ರೂ ನನ್ನನ್ನು ಕರೀತಾರೆ.”

ಆಮೇಲೆ ಪ್ರತಿ ಭಾನುವಾರ ಅವರ ಫೋನ್ ಬರುತ್ತಿತ್ತು. ನಾನು ಮೊಬೈಲನ್ನು ಬೊಳ್ಳುವಿನ ಗೂಡಿನ ಬಲೆಗೆ ಹಿಡಿಯುತ್ತಿದ್ದೆ. ಆ ಕಡೆಯಿಂದ ವಾರಿಜಕ್ಕ ತುಳುವಿನಲ್ಲಿ, ಉಂಡೆಯಾ ಮಗಾ, ಗಲಾಟೆ ಮಾಡಬೇಡ ಮಗಾ ಎಂದು ಮಾತಾಡುತ್ತಿದ್ದರು. ಬೊಳ್ಳು ಬಲೆಯ ಉದ್ದಕ್ಕೂ ಹಿಂದೆಮುಂದೆ ಓಡಿ ಅವರನ್ನು ಹುಡುಕುತ್ತಿತ್ತು. ಎರಡು ವಾರದ ನಂತರ ನಾನು ಹಾಗೆ ಫೋನ್ ಹಿಡಿಯುವುದನ್ನು ನಿಲ್ಲಿಸಿದೆ. ಅದಕ್ಕೆ ಆಗುತ್ತಿದ್ದ ಆಸೆಯನ್ನು ನನ್ನಿಂದ ನೋಡಲಾಗಲಿಲ್ಲ.

ಜುಲೈ ಕೊನೆಗೆ, ಆಟಿ ತಿಂಗಳಲ್ಲಿ ಡಿಸ್ಟೆಂಪರ್ ಬಂತು. ನಾಯಿಯಿಂದ ನಾಯಿಗೆ ಹರಡುವ ಕೆಟ್ಟ ಜ್ವರ ಅದು. ಮೊದಲು ಕಣ್ಣಿನಲ್ಲಿ ಪಿಸುರು, ಮೂಗಿನಲ್ಲಿ ನೀರು. ಕೆಲವಕ್ಕೆ ಅಲ್ಲಿಗೇ ನಿಂತು ಗುಣವಾಗುತ್ತದೆ, ಕೆಲವಕ್ಕೆ ಫಿಟ್ಸ್ ಶುರುವಾಗುತ್ತದೆ, ಮತ್ತೆ ಅವು ಬದುಕುವುದಿಲ್ಲ. ಹೆದ್ದಾರಿಯಿಂದ ತಂದ ಒಂದು ಮರಿಯಿಂದ ಬಂದಿರಬೇಕು. ಆ ಮರಿಯಿದ್ದ ಸಾಲಿನ ಗೂಡುಗಳಲ್ಲಿ ಒಂದರ ನಂತರ ಒಂದು ನಾಯಿ ಮಲಗತೊಡಗಿತು. ಶೀಟಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ನಾವು ಒಬ್ಬರ ಮಾತು ಒಬ್ಬರಿಗೆ ಕೇಳಿಸಲು ಕೂಗಬೇಕಾಗುತ್ತಿತ್ತು. ಐತಪ್ಪಣ್ಣ ದಿನಕ್ಕೆ ಮೂರು ಸಲ ಫಿನಾಯಿಲು ಹಾಕಿ ತೊಳೆದರು. ಟೀಚರ್ ಊಟ ಬಿಟ್ಟು ಮರಿಗಳ ಬಾಯಿಗೆ ಗ್ಲೂಕೋಸ್ ನೀರು ಬಿಡುತ್ತಾ ಕೂತರು. ಜ್ವರದ ನಾಯಿಗಳನ್ನು ಬೇರೆ ಇಡಲು ನಮ್ಮಲ್ಲಿ ಇನ್ನೊಂದು ಕೋಣೆ ಇರಲಿಲ್ಲ.

ಆ ಮಂಗಳವಾರ ಡಾಕ್ಟ್ರು ಐದು ನಾಯಿಗಳನ್ನು ತೋರಿಸಿದರು. ನಾಲ್ಕಕ್ಕೆ ಆಗಲೇ ಫಿಟ್ಸ್ ಬರುತ್ತಿತ್ತು. ಐದನೆಯದು ಬೊಳ್ಳು. ಅದರ ಕಣ್ಣು ಅಂಟಿತ್ತು, ಎರಡು ದಿನದಿಂದ ಅನ್ನ ಮುಟ್ಟಿರಲಿಲ್ಲ. ಫಿಟ್ಸ್ ಬಂದಿರಲಿಲ್ಲ.

“ಇದು ಉಳಿಯಬಹುದು, ಉಳಿಯದೆಯೂ ಇರಬಹುದು. ಆದ್ರೆ ಈ ಸಾಲಿನಲ್ಲೇ ಇದ್ರೆ ಆಚೆಯ ಮರಿಗಳು ಒಂದೂ ಉಳಿಯುದಿಲ್ಲ,” ಎಂದರು ಡಾಕ್ಟ್ರು.

ಟೀಚರ್ ಆಚೆಯ ಗೂಡುಗಳ ಕಡೆ ತಿರುಗಿ ಮರಿಗಳನ್ನು ಎಣಿಸಿದರು. ಆಮೇಲೆ “ಮರಿಗಳು ಹನ್ನೊಂದು ಉಂಟು ಡಾಕ್ಟ್ರೆ,” ಎಂದರು.

ಅವರ ಮಾತಿನ ಅರ್ಥ ಎಲ್ಲರಿಗೂ ಆಯಿತು. ವಾರಿಜಕ್ಕನಿಗೆ ಒಂದು ಫೋನ್ ಮಾಡೋಣವೇ ಎಂದು ನನ್ನ ಬಾಯಿಯವರೆಗೆ ಬಂದಿತ್ತು. ಗೇಟಿನ ಬೋರ್ಡು ನೆನಪಾಗಿ ನುಂಗಿಕೊಂಡೆ. ಬೊಳ್ಳುವಿನ ತಲೆಯನ್ನೂ ನಾನೇ ಹಿಡಿದೆ. ಸೂಜಿ ಚುಚ್ಚುವಾಗ ಅದು ನನ್ನ ಮೊಣಕೈಯನ್ನು ಒಮ್ಮೆ ನೆಕ್ಕಿತು.

ಆ ಭಾನುವಾರ ಫೋನ್ ಬಂದಾಗ ನಾನು ಟೀಚರ ಮುಖ ನೋಡಿದೆ. “ಒಳ್ಳೆ ಮನೆಗೆ ಹೋಯ್ತು ಅಂತ ಹೇಳು. ಅವರಿಗೆ ಸಮಾಧಾನ ಬೇಕು. ಸತ್ಯ ಕೇಳಿ ಆ ಹೆಂಗಸಿಗೆ ಎಂತ ಸಿಗ್ತದೆ?” ಎಂದರು.

ನಾನು ಹಾಗೆಯೇ ಹೇಳಿದೆ.

“ನಾನು ಬರ್ತೇನೆ ಹೇಳಿದ್ದೆ ಅಲ್ವಾ?” ಎಂದರು ವಾರಿಜಕ್ಕ.

“ಅವರಿಗೆ ನೋಡಿದ ಕೂಡ್ಲೆ ಇಷ್ಟ ಆಯ್ತು ಅಕ್ಕ. ಕೇಳಿದ್ರು, ಕೊಟ್ಟೆವು.”

“ಯಾವ ಊರಿನವರು?”

ಮೇಜಿನ ಎದುರಿನ ಗೋಡೆಯಲ್ಲಿ ರೈಲಿನ ಸಮಯದ ಒಂದು ಹಾಳೆ ಅಂಟಿಸಿತ್ತು. ಕಣ್ಣು ಬಿದ್ದಲ್ಲಿಂದ ಒಂದು ಊರು ಹೇಳಿದೆ. “ನೆಟ್ಟಣ.”

“ಇರ್ಲಿ, ಚೆನ್ನಾಗಿದ್ರೆ ಸಾಕು,” ಎಂದು ವಾರಿಜಕ್ಕ ಫೋನಿಟ್ಟರು. ಅಲ್ಲಿಗೆ ಮುಗಿಯಿತೆಂದು ನಾನು ಉಸಿರು ಬಿಟ್ಟೆ. ಮುಂದಿನ ಭಾನುವಾರ ಫೋನ್ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಮಳೆ ಸ್ವಲ್ಪ ಕಡಿಮೆಯಾದ ಒಂದು ಭಾನುವಾರ ಮಧ್ಯಾಹ್ನ ಅವರೇ ಗೇಟಿನಲ್ಲಿ ನಿಂತಿದ್ದರು. ಸೀರೆಯ ಅಂಚಿನಿಂದ ಮೊಣಕಾಲಿನವರೆಗೆ ಕೆಂಪು ಕೆಸರು. ಒಳಗೆ ಬಂದು ಬೆಂಚಿನಲ್ಲಿ ಕೂತು, ನಾನು ಕೊಟ್ಟ ನೀರನ್ನು ಪೂರ್ತಿ ಕುಡಿದರು.

“ನೆಟ್ಟಣದಿಂದ ಬಂದದ್ದು,” ಎಂದರು. “ಇವತ್ತಿಗೆ ಮೂರನೇ ಆದಿತ್ಯವಾರ. ಸ್ಟೇಶನಿನ ಹತ್ರ ಎಲ್ಲ ಅಂಗಡಿಯಲ್ಲಿ ಕೇಳಿದೆ. ಗುಡ್ಡೆ ಮೇಲಿನ ಮನೆಗಳಿಗೆ ಹೋದೆ. ಬಿಳಿ ನಾಯಿ ಕಂಡಲ್ಲೆಲ್ಲ ಬೊಳ್ಳೂ ಅಂತ ಕರೆದೆ. ಒಂದು ಮನೆಯವರು ಹುಚ್ಚಿ ಅಂತ ಗ್ರಹಿಸಿದ್ರೋ ಏನೋ, ಬಾಗಿಲು ಹಾಕಿದ್ರು.” ಸ್ವಲ್ಪ ನಕ್ಕರು. ಚೀಲದಿಂದ ಒಂದು ಫೋಟೋ ತೆಗೆದರು. ಶಾಲೆಯ ಹೆಡ್‌ಮಿಸ್ ಪ್ರಿಂಟ್ ಹಾಕಿಸಿ ಕೊಟ್ಟದ್ದಂತೆ. ಮಡಚಿ ಮಡಚಿ ನಡುವೆ ಗೆರೆ ಬಿದ್ದಿತ್ತು. “ಆ ಮನೆಯವರ ಹೆಸ್ರು ಹೇಳಿದ್ರೆ ಸಾಕು ಮೇಡಂ. ನಾನು ವಾಪಸ್ ಕೇಳುದಿಲ್ಲ. ಗೇಟಿನ ಹೊರಗಿಂದ ಒಂದು ಸಲ ನೋಡಿ ಹೋಗ್ತೇನೆ.”

ವಾರದಲ್ಲಿ ಅವರಿಗೆ ರಜೆಯೆಂದು ಇದ್ದದ್ದೇ ಆ ಒಂದು ದಿನ. ಕೆದಂಬಾಡಿಯಿಂದ ಪುತ್ತೂರು, ಪುತ್ತೂರಿನಿಂದ ಮತ್ತೊಂದು ಬಸ್ಸು, ಆಮೇಲೆ ಮಳೆಯಲ್ಲಿ ನಡಿಗೆ. ಗೋಡೆಯ ಹಾಳೆ ನೋಡಿ ಹೇಳಿದ ಒಂದು ಮಾತಿಗೆ ಮೂರು ವಾರ ಆ ಹೆಂಗಸು ನಡೆದಿದ್ದಾರೆ.

“ವಾರಿಜಕ್ಕ,” ಎಂದೆ. “ಬೊಳ್ಳು ನೆಟ್ಟಣದಲ್ಲಿಲ್ಲ. ಅದಕ್ಕೆ ಜ್ವರ ಬಂದಿತ್ತು. ಇಂಜೆಕ್ಷನ್ ಕೊಟ್ಟು... ಮಲಗಿಸಿದ್ದು. ನಾನೇ ಹಿಡ್ಕೊಂಡಿದ್ದೆ. ನಾನು ನಿಮಗೆ ಸುಳ್ಳು ಹೇಳಿದ್ದು.”

ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಫೋಟೋವನ್ನು ಮೊದಲಿದ್ದ ಹಾಗೆಯೇ ಮಡಚಿ ಚೀಲಕ್ಕೆ ಹಾಕಿದರು.

“ಗುಣ ಆಗ್ಲಿಕ್ಕೆ ಇರಲಿಲ್ವಾ?”

“ಗೊತ್ತಿಲ್ಲ ಅಕ್ಕ. ಆಗಬಹುದಿತ್ತೇನೋ. ಬೇರೆ ಇಡ್ಲಿಕ್ಕೆ ಜಾಗ ಇರಲಿಲ್ಲ.”

“ಜಾಗ ನನ್ನಲ್ಲಿತ್ತಲ್ಲ,” ಎಂದರು. “ಬಿದ್ದ ಮನೆಯಾದ್ರೆ ಎಂತ, ಎದುರಿನ ಚಾವಡಿ ಗಟ್ಟಿ ಇತ್ತು. ನಾನು ಅಲ್ಲೇ ಅದರ ಹತ್ರ ಕೂರ್ತಿದ್ದೆ. ಎರಡು ನಂಬರ್ ಕೊಟ್ಟಿದ್ದೆ ಅಲ್ವಾ ನಿಮಗೆ? ಎರಡು.”

ಎಲ್ಲಿ ಹೂತದ್ದು ಎಂದು ಕೇಳಿದರು. ಐತಪ್ಪಣ್ಣ ಮುಂದೆ, ನಾವಿಬ್ಬರು ಹಿಂದೆ, ತೋಟದ ಕೆಳಗಿನ ಅಂಚಿಗೆ ಇಳಿದೆವು. ಅಲ್ಲಿ, ಹಳೆಯ ಗುಂಡಿಗಳಿಂದ ಸ್ವಲ್ಪ ಆಚೆ, ರಬ್ಬರ್ ಮರಗಳ ನಡುವೆ ಮಣ್ಣಿನ ಐದು ದಿಬ್ಬ. ಮಳೆಗೆ ತಗ್ಗಿ, ಮೇಲೆ ಹುಲ್ಲು ಚಿಗುರಿತ್ತು.

“ಇದ್ರಲ್ಲಿ ಯಾವುದು?”

ಐತಪ್ಪಣ್ಣ ತಲೆಯ ಮೇಲಿನ ಮುಂಡಾಸು ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಆ ದಿವಸ ಐದು ಇತ್ತು ಅಕ್ಕ. ಜೋರು ಮಳೆ. ಯಾವುದು ಯಾವುದರಲ್ಲಿ ಅಂತ ನನಗೆ ಹೇಳ್ಲಿಕ್ಕೆ ಆಗುದಿಲ್ಲ.”

ವಾರಿಜಕ್ಕ ಐದರ ಮುಂದೆಯೂ ಸ್ವಲ್ಪ ಸ್ವಲ್ಪ ಹೊತ್ತು ನಿಂತರು. ನಮಗೆ ಬೆನ್ನು ಹಾಕಿ ನಿಂತಿದ್ದರಿಂದ ಅತ್ತರೂ ನನಗೆ ಗೊತ್ತಾಗುತ್ತಿರಲಿಲ್ಲ.

ನಾವು ಹತ್ತಿ ಬರುವಾಗ ಟೀಚರ್ ಅಂಗಳದಲ್ಲಿ ನಿಂತಿದ್ದರು. ಚರ್ಚಿನಿಂದ ಆಗಷ್ಟೇ ಬಂದಿದ್ದರು. ನಮ್ಮ ಮುಖ ನೋಡಿಯೇ ವಿಷಯ ತಿಳಿದುಕೊಂಡರು. “ಹನ್ನೊಂದು ಮರಿಗಳಿದ್ದವು ವಾರಿಜಾ,” ಎಂದು ಶುರು ಮಾಡಿದರು.

“ಮಲಗಿಸಿದ್ದಕ್ಕೆ ನನಗೆ ಸಿಟ್ಟಿಲ್ಲ ಟೀಚರ್,” ಎಂದರು ವಾರಿಜಕ್ಕ. “ನಿಮ್ಮ ಕಷ್ಟ ಎಂತದು ಅಂತ ಈ ಗೂಡು ನೋಡಿದ್ರೆ ಗೊತ್ತಾಗ್ತದೆ. ನನ್ನನ್ನು ಒಂದು ಮಾತು ಕೇಳಿದ್ರೆ ಆಗ್ತಿತ್ತು. ಕೇಳ್ಲಿಕ್ಕೆ ನಿಮಗೆ ಹೆದರಿಕೆ. ನಿಮ್ಮ ಬೋರ್ಡಿಗೋಸ್ಕರ ನನ್ನ ನಾಯಿ ಒಂಟಿಯಾಗಿ ಸತ್ತದ್ದು.”

ಅಷ್ಟು ಹೇಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಮಾರ್ಗದವರೆಗೆ ಜೊತೆಗೆ ಬರುತ್ತೇನೆ ಎಂದೆ. ಬೇಡ ಎಂದರು.

ಟೀಚರ್ ಅವತ್ತು ನನ್ನ ಮೇಲೆ ರೇಗಿದರು. ಸತ್ಯ ಹೊರಗೆ ಹೋದರೆ ಈ ಜಾಗ ಮುಚ್ಚುತ್ತದೆ, ಆಗ ಉಳಿದ ನಾಯಿಗಳು ಹೆದ್ದಾರಿಗೆ ಹೋಗುತ್ತವೆ, ಅದಕ್ಕೆ ನೀನು ಜವಾಬ್ದಾರಿ ಎಂದರು. ಆ ಮಾತಿನಲ್ಲಿಯೂ ನಿಜ ಇತ್ತು. ಮೊದಲ ವರ್ಷ ಅವರು ಒಬ್ಬರಿಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದರಂತೆ. ಆ ಮನುಷ್ಯ ಪೇಟೆಯ ನಡುವೆ ನಿಲ್ಲಿಸಿ ‘ಕಟುಕಿ’ ಎಂದು ಕರೆದಿದ್ದನಂತೆ. “ನಲವತ್ತು ವರ್ಷ ಇದೇ ಊರಿನ ಮಕ್ಕಳಿಗೆ ಪಾಠ ಮಾಡಿದವಳು ನಾನು,” ಎಂದರು.

ಮಂಗಳವಾರ ಡಾಕ್ಟ್ರಿಗೂ ವಿಷಯ ಗೊತ್ತಾಯಿತು. ಅವರು ಚೀಲ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. “ಮನೆಯವರಿಗೆ ಹೇಳಿರ್ತೀರಿ ಅಂತ ಗ್ರಹಿಸಿದ್ದೆ ನಾನು. ಕೇಳ್ಬೇಕಿತ್ತು. ಕೇಳಲಿಲ್ಲ. ಆ ಐದನೆಯದಕ್ಕೆ ಬೇರೆ ಜಾಗ ಉಂಟು ಅಂತ ಯಾರಾದ್ರೂ ಹೇಳಿದ್ರೆ ನಾನು ಸೂಜಿ ತೆಗೀತಿರಲಿಲ್ಲ ಮಾರಾಯ್ತಿ.”

ಮರುದಿನ ಬೆಳಿಗ್ಗೆ ನಾನು ಪುಸ್ತಕ ತೆರೆದು ಕೂತೆ. ‘ಮನೆಗೆ ಹೋಗಿದೆ’ ಎಂದಿದ್ದ ಹೆಸರುಗಳಲ್ಲಿ ನಿಜವಾಗಿ ಮನೆಗೆ ಹೋದವು ಯಾವುವು, ತೋಟದ ಕೆಳಗೆ ಹೋದವು ಯಾವುವು ಎಂದು ಐತಪ್ಪಣ್ಣನಿಗೂ ನನಗೂ ನೆನಪಿತ್ತು. ನಂಬರ್ ಇದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಲು ಶುರು ಮಾಡಿದೆ. ಕೆಲಸ ಹೋದರೆ ಹೋಗಲಿ ಎಂದುಕೊಂಡಿದ್ದೆ. ಪುತ್ತೂರಿನ ಒಬ್ಬರು ಬಾಯಿಗೆ ಬಂದಂತೆ ಬೈದರು. ಒಬ್ಬರು “ನನಗೆ ಆವಾಗಲೇ ಗೊತ್ತಿತ್ತು, ಕೇಳ್ಲಿಕ್ಕೆ ಧೈರ್ಯ ಇರಲಿಲ್ಲ,” ಎಂದರು. ಒಬ್ಬಳು ಹುಡುಗಿ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಅತ್ತಳು, ಅವಳ ಅಮ್ಮ ತೆಗೆದುಕೊಂಡು “ಹೇಳಿದ್ದು ಒಳ್ಳೇದಾಯ್ತು” ಎಂದು ಇಟ್ಟರು. ಹನ್ನೊಂದು ಗಂಟೆ ಹೊತ್ತಿಗೆ ನಾನು ನೀರು ಕುಡಿಯಲೆಂದು ಫೋನ್ ಕೆಳಗಿಟ್ಟೆ. ಟೀಚರ್ ಬಾಗಿಲಲ್ಲಿ ಬಂದು ನಿಂತದ್ದು ನನಗೆ ಗೊತ್ತಾಗಿರಲಿಲ್ಲ. ಅವರು ಹತ್ತಿರ ಒಂದು ಸ್ಟೂಲು ಎಳೆದುಕೊಂಡು ಕೂತರು. ಕನ್ನಡಕ ಹಾಕಿಕೊಂಡು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿ, ಮುಂದಿನ ನಂಬರನ್ನು ತಾವೇ ಒತ್ತಿದರು. “ನಾನು ಸಾರಮ್ಮ ಟೀಚರ್ ಮಾತಾಡುದು, ನೆಲ್ಯಾಡಿಯಿಂದ. ನಿಮ್ಮ ನಾಯಿ ವಿಷಯ ಒಂದು ಹೇಳ್ಲಿಕ್ಕಿತ್ತು...”

ಕೊನೆಗೆ ನಾನು ವಾರಿಜಕ್ಕನಿಗೆ ಮಾಡಿದೆ. ಎಲ್ಲರಿಗೂ ಹೇಳಿದೆವು ಎಂದು ತಿಳಿಸಲು. ಇಲ್ಲಿ ಮರಿಗಳು ಉಳಿದಿವೆ, ಒಂದನ್ನು ಕೊಡಲೇ ಎಂದೂ ಕೇಳಿದೆ. ಆ ಕಡೆ ಶಾಲೆಯ ಅಡುಗೆಕೋಣೆಯಲ್ಲಿ ಪಾತ್ರೆಗಳ ಸದ್ದು ಕೇಳುತ್ತಿತ್ತು.

“ಬೇಡ ಸುಮತಿ,” ಎಂದರು. ಮೇಡಂ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಇನ್ನು ಯಾರಿಗೂ ನೆಟ್ಟಣ ಅಂತ ಹೇಳ್ಬೇಡಿ. ಅಷ್ಟು ಸಾಕು.” ಆಮೇಲೆ ಅವರು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಟೀಚರ್ ಹೆದರಿದ್ದು ಆಗಿಯೇ ಆಯಿತು. ವಾಟ್ಸ್ಯಾಪಿನಲ್ಲಿ ‘ನಾಯಿ ಕೊಲ್ಲುವ ಟೀಚರ್’ ಎಂದು ಹರಿದಾಡಿತು. ಒಂದು ದಿನ ಗೇಟಿನ ಮುಂದೆ ಕೆಲವರು ನಿಂತು ಕೂಗಿದರು. ಬರುತ್ತಿದ್ದ ಅಕ್ಕಿ ಅರ್ಧಕ್ಕರ್ಧ ನಿಂತಿತು. ಐತಪ್ಪಣ್ಣ ನೀಲಿ ಬೋರ್ಡು ಬಿಚ್ಚಿದರು. ಅದರ ಜಾಗದಲ್ಲಿ ಟೀಚರ್ ತಮ್ಮ ಶಾಲೆಯ ದುಂಡು ಅಕ್ಷರದಲ್ಲಿ ಕಪ್ಪು ಹಲಗೆ ಬರೆದು ನೇತುಹಾಕಿದರು: ಈ ತಿಂಗಳು ಬಂದ ನಾಯಿಗಳು ಎಷ್ಟು, ಮನೆ ಸಿಕ್ಕಿದ್ದು ಎಷ್ಟಕ್ಕೆ, ರೋಗದಿಂದ ಸತ್ತವು ಎಷ್ಟು, ಇಂಜೆಕ್ಷನ್ ಕೊಟ್ಟದ್ದು ಎಷ್ಟಕ್ಕೆ, ಯಾಕೆ. ಮೊದಲ ತಿಂಗಳು ಅದನ್ನು ಬರೆಯುವಾಗ ಅವರ ಕೈಯಲ್ಲಿ ಎರಡು ಸಲ ಸೀಮೆಸುಣ್ಣ ಮುರಿಯಿತು. ಜಾಗ ಮುಚ್ಚಲಿಲ್ಲ. ಆದರೆ ಚಿಕ್ಕದಾಯಿತು. ಇಷ್ಟಕ್ಕಿಂತ ಹೆಚ್ಚು ನಾಯಿ ಇಡಲಾಗದು ಎಂದು ಟೀಚರ್ ಜನರಿಗೆ ಮುಖಕ್ಕೆ ಹೇಳಲು ಕಲಿತರು. ಖಾಲಿಯಾದ ಕೊನೆಯ ಎರಡು ಗೂಡುಗಳಿಗೂ ಉಳಿದವಕ್ಕೂ ನಡುವೆ ಗೋಡೆ ಎಬ್ಬಿಸಿ ಜ್ವರದ ನಾಯಿಗಳಿಗೆ ಬೇರೆ ಕೋಣೆ ಮಾಡಿದೆವು. ಡಾಕ್ಟ್ರು, ನಾಯಿಯ ಮನೆಯವರಿಗೆ ತಿಳಿಸದೆ, ಅವರಿಗೆ ಬರಲು ಸಮಯ ಕೊಡದೆ ಸೂಜಿ ಹಿಡಿಯುವುದಿಲ್ಲ ಎಂದುಬಿಟ್ಟರು. ನೋವು ತಡೆಯಲಾಗದೆ ಒದ್ದಾಡುವ ನಾಯಿ ಬಂದರೆ ಮಾತ್ರ ಕಾಯುವಂತಿಲ್ಲ.

ಹಾಗೆ ತಿಳಿಸಿ ಕರೆಸಿದವರಲ್ಲಿ ಮೊದಲಿಗರು ಸುಳ್ಯದ ಮೋನಪ್ಪ ಗೌಡರು. ಪೇಟೆಯಲ್ಲಿ ಟೈಲರ್. ಮಾಳಿಗೆಯ ಮನೆಗೆ ಮೆಟ್ಟಿಲು ಹತ್ತಲಾಗದ ತಮ್ಮ ಮುದಿ ನಾಯಿ ಜೂಲಿಯನ್ನು ನಮ್ಮಲ್ಲಿ ಬಿಟ್ಟಿದ್ದರು. ಚಳಿಗಾಲದ ಕೊನೆಗೆ, ರಬ್ಬರಿನ ಎಲೆ ಉದುರುವ ಕಾಲಕ್ಕೆ ಅದರ ಹಿಂದಿನ ಕಾಲಿನಲ್ಲಿ ಗಡ್ಡೆಯಾಗಿ ಒಡೆದಿತ್ತು. ಔಷಧಿಯಿಂದ ನೋವು ಸ್ವಲ್ಪ ತಗ್ಗಿದರೂ ಗುಣವಾಗುವುದಿಲ್ಲ ಎಂದು ಡಾಕ್ಟ್ರು ಹೇಳಿದ್ದರು. ನಾನು ನಂಬರ್ ಒತ್ತಿದೆ. ಇದ್ದದ್ದು ಇದ್ದ ಹಾಗೆ ಹೇಳಿದೆ.

“ನಾವು ಬರುವವರೆಗೆ ಮಾಡ್ಬೇಡಿ,” ಎಂದರು ಅವರು.

ಮಂಗಳವಾರ ಅಂಗಡಿಗೆ ಬೀಗ ಹಾಕಿ ಗಂಡ ಹೆಂಡತಿ ಇಬ್ಬರೂ ಬಂದರು. ಹೆಂಡತಿ ಡಬ್ಬಿಯಲ್ಲಿ ಮೀನಿನ ಸಾರಿನ ಅನ್ನ ತಂದಿದ್ದರು. ಅಡ್ಡ ಬಿದ್ದಿದ್ದ ಜೂಲಿ ಅವರ ಚಪ್ಪಲಿಯ ಸದ್ದಿಗೇ ತಲೆಯೆತ್ತಿತು. ಏಳಲು ನೋಡಿತು, ಆಗಲಿಲ್ಲ. ಇಬ್ಬರೂ ನೆಲದಲ್ಲೇ ಕೂತರು. ಆಕೆ ಒಂದೊಂದೇ ತುತ್ತು ಮಾಡಿ ಬಾಯಿಗಿಟ್ಟರು. ನಾಲ್ಕು ತುತ್ತು ತಿಂದಿತು. ಆಮೇಲೆ ಮೋನಪ್ಪ ಗೌಡರ ತೊಡೆಯ ಮೇಲೆ ಮುಖವಿಟ್ಟು ಕಣ್ಣು ಮುಚ್ಚಿತು. ಅವರು ಅದರ ಕಿವಿಯ ಹಿಂದೆ ಕೆರೆಯುತ್ತಾ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಮೆಲ್ಲಗೆ ಏನೋ ಮಾತಾಡುತ್ತಿದ್ದರು, ಅಂಗಡಿಯ ಸುದ್ದಿ, ಬೀದಿಯ ಸುದ್ದಿ, ದಿನವೂ ಹೇಳುತ್ತಿದ್ದದ್ದೇ ಇರಬೇಕು.

ಡಾಕ್ಟ್ರು ಬಾಗಿಲಿನವರೆಗೆ ಬಂದು ನೋಡಿದರು. ಸಿರಿಂಜನ್ನು ಬೆನ್ನ ಹಿಂದೆ ಹಿಡಿದಿದ್ದರು.

“ಆಯ್ತಾ?” ಎಂದು ನನ್ನನ್ನು ಕಣ್ಣಿನಲ್ಲೇ ಕೇಳಿದರು.

ಇಲ್ಲ ಎಂದು ತಲೆಯಾಡಿಸಿದೆ. ಅವರು ಹೊರಗೆ ಹೋಗಿ, ಎಲೆ ಉದುರಿ ಬೋಳಾದ ಮರಗಳ ಕೆಳಗೆ ಬಿಸಿಲಿನಲ್ಲಿ ನಿಂತರು. ನಾವೆಲ್ಲ ಕಾದೆವು.